ನಾಲ್ಕನೇ ಸಬ್ಜೆಕ್ಟು

ಎಸ್ಸೆಸ್ಸೆಲ್ಸಿ ರಿಸಲ್ಟು ಬಂದ ದಿನ ಪಿಳ್ಳಪ್ಪ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋದ. ಬೆಳಗಿನ ಹಾಲು ಹಾಕಿಯಾಗಿತ್ತು, ಸಂಜೆಯ ಹಾಲು ಇನ್ನೂ ಹಸುವಿನ ಕೆಚ್ಚಲಲ್ಲೇ ಇತ್ತು. ಆದರೂ ಖಾಲಿ ಕ್ಯಾನು ಹಿಡಿದೇ ಹೋದ. ಬರಿಗೈಯಲ್ಲಿ ಹೋಗಿ ನಿಂತರೆ ಜಂಬ ಕೊಚ್ಚಲು ಬಂದಿದ್ದಾನೆಂದು ಊರಿಗೆ ಗೊತ್ತಾಗಿಬಿಡುತ್ತದಲ್ಲ. ಅಲ್ಲಿ ಸಿಕ್ಕವರಿಗೆಲ್ಲ, “ನಮ್ಮ ಸಿಂಚನ ಐನೂರೈವತ್ತು ತೆಗೆದವ್ಳೆ. ಇನ್ನೇನು, ಡಾಕ್ಟ್ರು ಓದೋದೇ” ಎಂದು ಹೇಳಿ ಬಂದ.

ಮನೆಯಲ್ಲಿ ಸೊಸೆ ಮಮತ ಮಗಳ ಮೊಬೈಲಿನಲ್ಲಿ ಆ ಐನೂರೈವತ್ತನ್ನು ಬಿಡಿಸಿ ಬಿಡಿಸಿ ನೋಡುತ್ತಿದ್ದಳು. ಕನ್ನಡ, ಹಿಂದಿ, ವಿಜ್ಞಾನ, ಸಮಾಜ ಎಲ್ಲ ತೊಂಬತ್ತರ ಮೇಲೆ. ಗಣಿತದ ಎದುರಿಗೆ ಮಾತ್ರ ಐವತ್ತೊಂದು. ಮದುವೆ ಸೀರೆಗೆ ಇಸ್ತ್ರಿ ತಾಗಿದ ಕಲೆಯಂತೆ ಅದೊಂದೇ ಕಣ್ಣಿಗೆ ಹೊಡೆಯುತ್ತಿತ್ತು.

“ಇದೇನೇ ಇದು?” ಎಂದಳು.

“ಅದಾ? ಅದು ನಾನು ಕಷ್ಟಪಟ್ಟು ತೆಗ್ದಿದ್ದಮ್ಮ. ಮಿಕ್ಕಿದ್ದೆಲ್ಲ ಇಷ್ಟಪಟ್ಟು ತೆಗ್ದಿದ್ದು,” ಎಂದಳು ಸಿಂಚನ.

ಅವರ ಊರು ದೇವನಹಳ್ಳಿ ಮತ್ತು ವಿಜಯಪುರದ ನಡುವೆ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಎರಡು ಹಸು, ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಉದ್ದನೆಯ ಕೋಣೆ. ಮಮತಳ ಗಂಡ ದೇವರಾಜ್ ಏರ್‌ಪೋರ್ಟಿನ ಸರಕು ಶೆಡ್ಡಿನಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದ. ಹುಳುವಿನ ಮನೆ ಪಿಳ್ಳಪ್ಪನದೂ ಮಮತಳದೂ. ಅತ್ತೆ ಲಕ್ಷ್ಮೀದೇವಮ್ಮ ಸಕ್ಕರೆ ಕಾಯಿಲೆ ಬಂದ ಮೇಲೆ ಸೊಪ್ಪು ಹೊರುವುದನ್ನು ಬಿಟ್ಟು, ಜಗಲಿಯ ಮೇಲೆ ಕೂತು ಎಲ್ಲರಿಗೂ ಕೆಲಸ ಹೇಳುವ ಭಾರ ಹೊತ್ತಿದ್ದಳು. ಅವಳನ್ನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋಗುವವಳು ಸಿಂಚನ. ಅಲ್ಲಿನ ಡಾಕ್ಟರನ್ನು ಈ ಮಾತ್ರೆ ಯಾಕೆ, ಆ ಮಾತ್ರೆ ಯಾಕೆ ಎಂದು ಕೇಳಿ ಕೇಳಿ, ತಾನೂ ಡಾಕ್ಟರಾಗಬೇಕು ಎಂಬುದು ಹುಡುಗಿಯ ತಲೆಗೆ ಹತ್ತಿ ಮೂರು ವರ್ಷವಾಗಿತ್ತು.

ಆ ದಿನದ ಊಟಕ್ಕೆ ಮಮತ ಮುದ್ದೆ ಜೊತೆಗೆ ಬಸ್ಸಾರು ಮಾಡಿ, ಮೇಲೊಂದಿಷ್ಟು ಪಾಯಸವನ್ನೂ ಇಳಿಸಿದ್ದಳು. ಜಗಳ ಶುರುವಾದದ್ದು ಪಾಯಸಕ್ಕೆ ಮೊದಲೇ.

“ಪಿಸಿಎಂಬಿ ತಗೋ,” ಎಂದ ದೇವರಾಜ್ ಮುದ್ದೆ ಮುರಿಯುತ್ತಾ. “ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು, ಬಯಾಲಜಿ. ಡಾಕ್ಟರ್ ಸೀಟು ಸಿಕ್ಕಿದ್ರೆ ಸರಿ. ಸಿಗ್ಲಿಲ್ಲ ಅಂದ್ರೆ ಇಂಜಿನಿಯರಿಂಗು. ಎರಡು ಬಾಗ್ಲು ಇರ್ತದೆ.”

“ನಂಗೆ ಎರಡನೇ ಬಾಗ್ಲು ಬೇಡ ಅಪ್ಪ. ಮ್ಯಾಥ್ಸ್ ಬಿಟ್ಟು ಹೋಮ್ ಸೈನ್ಸ್ ತಗೋತೀನಿ. ದೊಡ್ಡಬಳ್ಳಾಪುರದಲ್ಲಿ ಒಂದು ಹೆಣ್ಮಕ್ಕಳ ಕಾಲೇಜಲ್ಲಿ ಇದೆ. ಡಾಕ್ಟರ್ ಸೀಟಿನ ಪರೀಕ್ಷೇಲಿ ಮ್ಯಾಥ್ಸ್ ಪೇಪರೇ ಇಲ್ಲ.”

“ಏನಂದೆ? ಯಾವ ಸೈನ್ಸು?” ಎಂದ ಪಿಳ್ಳಪ್ಪ.

“ಗೃಹವಿಜ್ಞಾನ ತಾತ.”

“ಗೃಹ ಅಂದ್ರೆ ಮನೆ ಅಲ್ವಾ?” ಪಿಳ್ಳಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. “ಮನೆ ಕೆಲಸ ಕಲಿಯಕ್ಕೆ ಮನೆ ಬಿಟ್ಟು ಎರಡು ಬಸ್ಸು ಹತ್ತಿ ಹೋಗ್ಬೇಕಾ?”

ಲಕ್ಷ್ಮೀದೇವಮ್ಮನಿಗೆ ಅದು ತನ್ನ ಮೇಲೆ ಬಂದ ಮಾತು ಅನ್ನಿಸಿತು. “ಕಲ್ಸಕ್ಕೆ ನಾನೇನು ಸತ್ತೋಗಿದೀನಾ? ಸೌಟು ಹಿಡಿಯೋದು ಹೆಂಗೆ ಅಂತ ಹೇಳಕ್ಕೆ ಮೇಷ್ಟ್ರು ಬೇರೆ ಇಟ್ಟವ್ರಾ?”

“ಸೌಟು ಹಿಡಿಯೋದಲ್ಲ ಅಜ್ಜಿ. ಊಟದಲ್ಲಿ ಏನೇನು ಸತ್ವ ಇರುತ್ತೆ, ಮಕ್ಕಳು ಹೆಂಗೆ ಬೆಳೀತವೆ...”

“ಮಕ್ಕಳು ತಿಂದು ಬೆಳೀತವೆ,” ಎಂದ ಪಿಳ್ಳಪ್ಪ. “ನಮ್ಮ ವಂಶದಲ್ಲಿ ಲೆಕ್ಕಕ್ಕೆ ಬೆನ್ನು ತೋರ್ಸಿದೋರು ಯಾರೂ ಇಲ್ಲ. ಗೂಡಿನ ಮಾರ್ಕೆಟ್ಟಲ್ಲಿ ಮಿಷನ್ನು ತೋರ್ಸೋಕೆ ಮೊದ್ಲೇ ದುಡ್ಡೆಷ್ಟು ಅಂತ ನಾನು ಬಾಯಲ್ಲಿ ಹೇಳ್ತೀನಿ. ನೀನು ಲೆಕ್ಕ ಬಿಟ್ಟೋಳು ಅನ್ನಿಸ್ಕೋತೀಯಾ?”

“ಬಿಟ್ಟೋಳು ಅಂತ ಯಾರು ಅಂತಾರೆ ತಾತ?”

“ಡೈರೀಲಿ ಅಂತಾರೆ.”

ಪಾಯಸ ಪಾತ್ರೆಯಲ್ಲೇ ಉಳಿಯಿತು. ಮಮತ ಅಂದು ಒಂದು ಮಾತೂ ಆಡಲಿಲ್ಲ. ಹುಳು ಸಾಕಿದವರಿಗೆ ಇದು ತಾನಾಗಿ ಬರುವ ಬುದ್ಧಿ. ರೇಷ್ಮೆ ಹುಳು ಪೊರೆ ಕಳಚುವ ಮುಂಚೆ ಮೇವು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಆ ಹೊತ್ತಿನಲ್ಲಿ ಎಷ್ಟು ಎಳೇ ಸೊಪ್ಪು ಹಾಕಿದರೂ ತಿನ್ನುವುದಿಲ್ಲ, ಹಾಸಿಗೆ ಕೊಳೆಯುತ್ತದೆ ಅಷ್ಟೇ. ಎದ್ದ ಮೇಲೆ ಹಾಕಿದರೆ ಮುಕ್ಕುತ್ತದೆ. ಮನೆಯ ಗಂಡಸರಿಗೂ ಇದೇ ಲೆಕ್ಕ ಎಂದು ಅವಳು ಮದುವೆಯಾದ ಹೊಸದರಲ್ಲೇ ಕಂಡುಕೊಂಡಿದ್ದಳು.

*

ಮೊದಲು ಎದ್ದವನು ದೇವರಾಜ್. ಅವನೇನೂ ಕೆಟ್ಟ ಮನಸ್ಸಿನವನಲ್ಲ. ಡಿಪ್ಲೊಮಾ ಓದಬೇಕೆಂದಿದ್ದವನು ಐಟಿಐಗೆ ನಿಂತವನು, ಶೆಡ್ಡಿನಲ್ಲಿ ದಿನವೂ ಇಂಜಿನಿಯರುಗಳ ಹಿಂದೆ ಓಡಾಡುವವನು. ಮಗಳಿಗೆ ಯಾವ ಬಾಗಿಲೂ ಮುಚ್ಚಬಾರದು ಎಂಬುದು ಅವನ ಕಳವಳ. ಜೊತೆಯ ಕೆಲಸಗಾರ ಅನಿಲ್‌ಕುಮಾರ್‌ನ ಮಗಳು ಓದಿ ಬಿಟ್ಟಿದ್ದ ಪಿಯುಸಿ ಗಣಿತದ ಪುಸ್ತಕ ಈಸಿಕೊಂಡು ಬಂದು ಸಿಂಚನಳ ಮುಂದಿಟ್ಟ.

“ಎರಡು ವಾರ ಓದಿ ನೋಡು. ಆಗಲೂ ಆಗ್ಲಿಲ್ಲ ಅಂದ್ರೆ ಆಗ ಮಾತಾಡಣ. ನೋಡ್ದೇನೇ ಬೇಡ ಅಂದ್ರೆ ನಾನು ಒಪ್ಪಲ್ಲ.”

“ಸರಿ ಅಪ್ಪ,” ಎಂದಳು ಸಿಂಚನ.

ನಿಜವಾಗಿಯೂ ಓದಿದಳು. ಬೆಳಿಗ್ಗೆ ಸೊಪ್ಪು ಕೊಯ್ದು ಬಂದು, ಹುಳುವಿಗೆ ಹಾಕಿ, ಕೈ ತೊಳೆದು ಕೂತರೆ ಊಟದ ತನಕ ಏಳುತ್ತಿರಲಿಲ್ಲ. ಮಮತ ಅಡುಗೆಮನೆಯಿಂದ ನೋಡುತ್ತಿದ್ದಳು. ಬಯಾಲಜಿ ಹಿಡಿದಾಗ ಕಾಲು ಅಲ್ಲಾಡಿಸುತ್ತಾ, ಮಾವಿನಕಾಯಿ ಚೀಪುತ್ತಾ ಓದುವ ಹುಡುಗಿ ಗಣಿತ ಹಿಡಿದಾಗ ಮೊಳೆ ಹೊಡೆದ ಹಾಗೆ ಕೂರುತ್ತಿದ್ದಳು. ಒಂದು ಪುಟ ತಿರುವುವ ಹೊತ್ತಿಗೆ ಮಮತಳ ಸಾರು ಕುದಿದು, ಒಗ್ಗರಣೆಯೂ ಮುಗಿದಿರುತ್ತಿತ್ತು.

ಒಂದು ಭಾನುವಾರ ದೇವರಾಜ್ ತಾನೇ ಹೇಳಿಕೊಡುತ್ತೇನೆಂದು ಪಕ್ಕದಲ್ಲಿ ಕೂತ. ಕಾಫಿ ಕುಡಿದ. ಪುಸ್ತಕವನ್ನು ಹತ್ತಿರ ಹಿಡಿದ, ದೂರ ಹಿಡಿದ. ಇನ್ನೊಂದು ಕಾಫಿ ಕೇಳಿದ.

“ಇದು ಇಲ್ಲಿಂದ ಅಲ್ಲಿಗೆ ಹೆಂಗೆ ಬಂತು?” ಎಂದ ಕೊನೆಗೆ.

“ಅದನ್ನೇ ಅಪ್ಪ ನಾನೂ ಕೇಳ್ತಿರೋದು.”

“ಪ್ರಿಂಟ್ ಮಿಸ್ಟೇಕು ಇರ್ಬೇಕು.”

“ಇಲ್ಲ ಅಪ್ಪ, ನಾನು ಮೂರು ಸಲ ಮಾಡಿ ನೋಡ್ದೆ. ಸರೀಗಿದೆ. ನಂಗೆ ಅರ್ಥ ಆಗುತ್ತೆ, ಆದ್ರೆ ನಿಧಾನ. ಫಿಸಿಕ್ಸಲ್ಲೂ ಲೆಕ್ಕ ಇದೆ, ಅದನ್ನ ಬಿಡಕ್ಕಾಗಲ್ಲ, ಮಾಡ್ತೀನಿ. ಅದಕ್ಕೇ ನಂಗೆ ಹೊತ್ತು ಬೇಕು. ಆ ಹೊತ್ತನ್ನೆಲ್ಲ ಈ ಮ್ಯಾಥ್ಸ್ ತಿಂದ್ಬಿಟ್ರೆ ಅದೂ ಹೋಗುತ್ತೆ, ಇದೂ ಹೋಗುತ್ತೆ.”

ಮಮತ ಎರಡನೆಯ ಕಾಫಿ ತಂದಿಟ್ಟಳು. “ನೋಡ್ರಿ, ಬಾಗ್ಲು ಅಂದ್ರೆ ಒಳಗೆ ಹೋಗೋ ಹಂಗಿರಬೇಕು. ಗೋಡೆ ಮೇಲೆ ಬಾಗ್ಲು ಅಂತ ಬರೆದಿಟ್ರೆ ಹಣೆ ಒಡ್ಕೋಬೇಕಾಗುತ್ತೆ.”

“ಆಮೇಲೆ ಡಾಕ್ಟರ್ ಸೀಟು ಸಿಗದೇ ಹೋದ್ರೆ?”

“ಸಿಗದೇ ಹೋದ್ರೆ ಏನೇನು ಓದ್ಬೋದು ಅಂತ ಕಾಲೇಜಲ್ಲೇ ಕೇಳ್ಕೊಂಡು ಬರ್ತೀವಿ. ಬಸ್ಸಂತೂ ಹೆಂಗಸ್ರಿಗೆ ಫ್ರೀ. ಕೇಳಕ್ಕೇನು ಕಷ್ಟ?”

ಮರುದಿನವೇ ತಾಯಿ ಮಗಳು ದೇವನಹಳ್ಳಿಯಲ್ಲಿ ಬಸ್ಸು ಬದಲಾಯಿಸಿ ದೊಡ್ಡಬಳ್ಳಾಪುರಕ್ಕೆ ಹೋದರು. ಕಾಲೇಜಿನಲ್ಲಿ ಬಯಾಲಜಿ ಉಪನ್ಯಾಸಕಿ ಭಾನುಪ್ರಿಯಾ ಸಿಕ್ಕರು. ಊಟದ ಡಬ್ಬಿ ತೆಗೆದಿದ್ದವರು ಅದನ್ನು ಮುಚ್ಚಿಟ್ಟು ಮಾತಾಡಿದರು. ಅವರು ಆಸೆ ತೋರಿಸುವ ಪೈಕಿ ಅಲ್ಲ.

“ಮ್ಯಾಥ್ಸ್ ಬಿಟ್ಟ ಮಾತ್ರಕ್ಕೆ ಸೀಟು ಸಿಕ್ಬಿಡುತ್ತೆ ಅಂದ್ಕೋಬೇಡಿ. ಬಿಟ್ಟು ಉಳಿಯೋ ಹೊತ್ತನ್ನ ಇವಳು ಏನು ಮಾಡ್ತಾಳೆ ಅನ್ನೋದರ ಮೇಲಿದೆ. ಸಿಗದಿದ್ರೆ ನರ್ಸಿಂಗ್ ಇದೆ, ಲ್ಯಾಬ್ ಕೋರ್ಸುಗಳಿವೆ, ಆಹಾರದ ವಿಷಯದಲ್ಲೇ ಡಿಗ್ರಿ ಇದೆ. ಆದ್ರೆ ಇಂಜಿನಿಯರಿಂಗ್ ಇಲ್ಲ. ಅದು ತಿಳ್ಕೊಂಡೇ ಸೇರಬೇಕು. ಆಮೇಲೆ ಬಂದು ಬದಲಾಯಿಸಿ ಅನ್ನಬಾರದು.”

“ತಿಳ್ಕೊಂಡೇ ಸೇರ್ತೀನಿ ಮಿಸ್,” ಎಂದಳು ಸಿಂಚನ.

“ಮುಂದಿನ ವಾರ, ಗುರುವಾರ ಕೊನೇ ದಿನ. ಮನೇಲಿ ಹಿರಿಯರನ್ನ ಕರ್ಕೊಂಡು ಬನ್ನಿ. ಅಲ್ಲಿ ಒಪ್ಪಿಗೆ ಇಲ್ದೆ ಇಲ್ಲಿ ಬಂದು ಎಷ್ಟೋ ಮಕ್ಕಳು ಅರ್ಧಕ್ಕೆ ಬಿಟ್ಟಿದ್ದಾರೆ.”

ಆ ಸಂಜೆ ಇದನ್ನೆಲ್ಲ ಕೇಳಿದ ದೇವರಾಜ್ ಕಾಲಿನ ಶೂ ಬಿಚ್ಚಿ ಮೂಲೆಗಿಟ್ಟ. ಆಮೇಲೆ, “ನಂದೇನೂ ಇಲ್ಲ ಬಿಡು. ಅಪ್ಪನ್ನ ಒಪ್ಸು” ಎಂದ. ಗಣಿತದ ಪುಸ್ತಕವನ್ನು ತಾನೇ ಬ್ಯಾಗಿಗೆ ಹಾಕಿಕೊಂಡ, ಅನಿಲ್‌ಕುಮಾರ್‌ಗೆ ವಾಪಸು ಕೊಡಲು.

*

ಲಕ್ಷ್ಮೀದೇವಮ್ಮನ ಜ್ವರ ಇಳಿದದ್ದು ಬೇರೆ ದಾರಿಯಲ್ಲಿ. ಪಕ್ಕದ ಮನೆಯ ರಂಜಿತ ಹೋಮ್ ಸೈನ್ಸ್ ಓದಿದ್ದವಳು. ಅವಳ ಹಳೆಯ ಪುಸ್ತಕ ತಂದು ಸಿಂಚನ ಜಗಲಿಯ ಮೇಲೆ ಕೂತು ಕನ್ನಡದಲ್ಲಿ ಹೇಳಿ ಹೇಳಿ ಅಜ್ಜಿಯನ್ನು ಕೆಣಕತೊಡಗಿದಳು.

“ರಾಗೀಲಿ ಮೂಳೆಗೆ ಬೇಕಾದ ಸುಣ್ಣದ ಅಂಶ ಜಾಸ್ತಿ ಅಂತ ಅಜ್ಜಿ.”

“ಇದನ್ನ ಹೇಳಕ್ಕೆ ಪುಸ್ತಕ ಬೇಕಾ? ನಿಮ್ಮ ತಾತನ ಸೊಂಟ ನೋಡು, ಎಪ್ಪತ್ತಾದ್ರೂ ಬಗ್ಗಿಲ್ಲ. ಬರೀ ಮುದ್ದೆ.”

“ಮೊಳಕೆ ಕಟ್ಟಿದ ಕಾಳು ಒಳ್ಳೇದು ಅಂತ.”

“ಮುಂದಕ್ಕೆ ಓದು. ಗೊತ್ತಿಲ್ಲದ್ದೇನಾದ್ರೂ ಇದ್ರೆ ಹೇಳು.”

“ಬಾಣಂತಿಗೆ ನೀರು ಜಾಸ್ತಿ ಕೊಡ್ಬೇಕು. ಕೊಡದಿದ್ರೆ ಹಾಲು ಕಮ್ಮಿ ಆಗುತ್ತೆ.”

ಲಕ್ಷ್ಮೀದೇವಮ್ಮ ಎಲೆ ಅಡಿಕೆ ಪಕ್ಕಕ್ಕಿಟ್ಟಳು. “ಹರಿದಾಕು ಆ ಹಾಳೇನ. ಬಾಣಂತಿಗೆ ನೀರು ಕೊಟ್ರೆ ಮೈ ಊದ್ಕೊಳ್ತದೆ. ನಮ್ಮತ್ತೆ ನಂಗೆ ಹತ್ತು ದಿನ ಗುಟುಕು ಗುಟುಕು ಲೆಕ್ಕ ಇಟ್ಟು ಕೊಟ್ಟಿದ್ಳು.”

“ನೀನು ಅಮ್ಮಂಗೂ ಹಂಗೇ ಮಾಡ್ದಾ?”

“ಹಂಗೇ ಮಾಡ್ದೆ. ಅದ್ಕೇ ಗಟ್ಟಿಯಾಗವ್ಳೆ.”

ಹುಳುವಿನ ಮನೆಯಿಂದ ಸೊಪ್ಪಿನ ಕಡ್ಡಿ ಗುಡಿಸಿ ತರುತ್ತಿದ್ದ ಮಮತಳಿಗೆ ಬಾಯಿ ತಡೆಯಲಾಗಲಿಲ್ಲ. “ಅತ್ತೆ, ಹೇಳ್ಬಿಡ್ತೀನಿ. ಬಾಣಂತಿ ಕೋಣೆ ಪಕ್ಕ ಒಂದು ಚೊಂಬಲ್ಲಿ ಬಿಸಿನೀರು ಇರ್ತಿತ್ತು. ದಿನಾ ಕದ್ದು ಕುಡೀತಿದ್ದೆ.”

ಲಕ್ಷ್ಮೀದೇವಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಆ ಚೊಂಬು ಅಲ್ಲಿಗೆ ಕಾಲು ಬಂದು ನಡ್ಕೊಂಡು ಬಂದಿತ್ತಾ? ಇಟ್ಟೋಳು ಯಾರು ಅಂದ್ಕೊಂಡೆ? ನಮ್ಮತ್ತೆ ಹಂಗೆ ಮಾಡಿದ್ದಕ್ಕೇ ನಂಗೂ ಗೊತ್ತಿತ್ತಲ್ಲವ್ವ, ಬಾಯಾರಿಕೆ ಅಂದ್ರೇನು ಅಂತ. ಬಾಯಲ್ಲಿ ಕೊಡಲ್ಲ ಅನ್ನಬೇಕು, ಊರವರು ಕೇಳ್ತಿರ್ತಾರೆ. ಕೈಯಲ್ಲಿ ಇಡಬೇಕು.”

ಮೂವರೂ ಜಗಲಿಯ ಮೇಲೆ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಅಜ್ಜಿ ಪುಸ್ತಕದ ಕಡೆ ಗದ್ದ ತೋರಿಸಿದಳು. “ಅದು ಒಂದು ಮಾತು ಸರಿಯಾಗಿ ಬರ್ದೈತೆ. ಓದ್ಕೋ ಹೋಗು. ಎಷ್ಟೋ ಹುಡ್ಗೀರು ಚೊಂಬು ಇಡೋ ಅತ್ತೆ ಇಲ್ದೇ ಇರ್ತಾರೆ.”

*

ಹಾಗೆ ಮನೆಯಲ್ಲಿ ಉಳಿದವನು ಪಿಳ್ಳಪ್ಪ ಒಬ್ಬನೇ. ಅವನ ಜ್ವರ ಇಳಿಯುವ ಬದಲು ಏರುತ್ತಿತ್ತು, ಏಕೆಂದರೆ ಡೈರಿಯಲ್ಲಿ ಅದಕ್ಕೆ ದಿನಕ್ಕೆರಡು ಸಲ ಗಾಳಿ ಹಾಕುವವರಿದ್ದರು. ವಿಷಯ ಹೇಗೋ ಹೊರಗೆ ಹೋಗಿತ್ತು. ಕೆಂಪರಾಜ್ ಎಂಬುವನು ಹಾಲಿನ ಸಾಲಿನಲ್ಲಿ ನಿಂತು, “ಏನ್ ಪಿಳ್ಳಣ್ಣ, ಮೊಮ್ಮಗಳು ಮುದ್ದೆ ತೊಳಸೋ ಡಾಕ್ಟ್ರಂತೆ? ನಮ್ಮನೆಯೋಳಿಗೂ ಒಂದು ಡಿಗ್ರಿ ಕೊಡ್ಸು” ಅಂದಿದ್ದ. ಆ ದಿನ ಪಿಳ್ಳಪ್ಪ ಹಾಲಿನ ಚೀಟಿ ಈಸಿಕೊಳ್ಳುವುದನ್ನೇ ಮರೆತು ಬಂದ.

“ಮಾವ, ಗುರುವಾರ ಕೊನೇ ದಿನ,” ಎಂದಳು ಮಮತ, ಅವನು ಸೊಪ್ಪು ಕತ್ತರಿಸುತ್ತಿದ್ದಾಗ.

“ಗೊತ್ತೈತೆ.”

“ನೀವು ಬಂದ್ರೆ ಚೆನ್ನಾಗಿರ್ತದೆ.”

“ನಾನ್ಯಾಕೆ? ತೀರ್ಮಾನ ಎಲ್ಲಾ ಮಾಡ್ಬಿಟ್ಟಿದ್ದೀರಲ್ಲ. ನಾನು ಮನೆ ಕಾಯಕ್ಕೆ ಇರೋ ಮುದ್ಕ.”

“ತಾತ, ನೀನು ಬರಲ್ಲ ಅಂದ್ರೆ ನಾನೂ ಸೇರಲ್ಲ,” ಎಂದಳು ಸಿಂಚನ, ಸೊಪ್ಪಿನ ಬುಟ್ಟಿ ತಲೆಯ ಮೇಲೆ ಎತ್ತಿಕೊಂಡು.

“ಹೆದರ್ಸ್ತೀಯಾ?”

“ಇಲ್ಲ. ನಿಜ ಹೇಳ್ತಿದೀನಿ. ನೀನು ಮುಖ ಊದಿಸ್ಕೊಂಡು ಕೂತಿದ್ರೆ ಎರಡು ವರ್ಷ ನಾನು ಹೆಂಗೆ ಓದ್ಲಿ?”

ಹುಳು ನಾಲ್ಕನೇ ಜ್ವರ ದಾಟಿ, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಸೊಪ್ಪು ಮುಗಿಸುವ ಹಂತಕ್ಕೆ ಬಂದಿತ್ತು. ಮನೆಯವರೆಲ್ಲ ತೋಟಕ್ಕೂ ಹುಳುವಿನ ಮನೆಗೂ ಓಡಾಡುತ್ತಿದ್ದರು. ಸಾವಿರಾರು ಹುಳು ಒಟ್ಟಿಗೆ ತಿನ್ನುವಾಗ ಮಳೆ ಬಿದ್ದಂತೆ ಸದ್ದಾಗುತ್ತದೆ. ಆ ಸದ್ದಿನ ನಡುವೆ ಪಿಳ್ಳಪ್ಪ ಮಚ್ಚು ಕೆಳಗಿಟ್ಟು ಹೇಳಿದ: “ನಾಳೆ ಮಂಗಳವಾರ. ಸಪ್ಪಲಮ್ಮನ ಹತ್ರ ಹೂ ಕೇಳಣ. ಲೆಕ್ಕ ಬೇಕೋ ಬೇಡ್ವೋ ಅಮ್ಮನೇ ಹೇಳ್ಲಿ. ಅವ್ಳು ಹೇಳಿದ್ಮೇಲೆ ನಂದೂ ಬಾಯಿಲ್ಲ, ನಿಮ್ದೂ ಬಾಯಿಲ್ಲ.”

ಹೊಲ ಕೊಳ್ಳುವಾಗ, ಬೋರು ಕೊರೆಸುವಾಗ, ದೇವರಾಜ್‌ಗೆ ಹೆಣ್ಣು ತರುವಾಗ, ಎಲ್ಲಕ್ಕೂ ಆ ಮನೆಯವರು ಹೂ ಕೇಳಿದವರೇ. ಮಮತಳೂ ಬಲಗಡೆಯ ಹೂವಿನಿಂದಲೇ ಆ ಮನೆಗೆ ಬಂದವಳು. ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

*

ಊರಾಚೆ ಹೊಂಗೆ ಮರದ ಕೆಳಗೆ ಸಪ್ಪಲಮ್ಮನ ಗುಡಿ. ಪೂಜಾರಿ ವೆಂಕಟರಮಣಪ್ಪ ಅಮ್ಮನ ಎರಡು ಭುಜಕ್ಕೂ ಒದ್ದೆ ಮಾಡಿದ ಹೂವು ಅಂಟಿಸಿ, ಕಾಯಿ ಈಸಿಕೊಂಡ. ಬಲಗಡೆಯ ಹೂ ಮೊದಲು ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಬೇಡ.

“ಯಾರ ಹೆಸರಲ್ಲಿ ಕೇಳಣ ಪಿಳ್ಳಣ್ಣ?”

“ಕೂಸಿನ ಹೆಸ್ರಲ್ಲೇ ಕೇಳಪ್ಪ. ಸಿಂಚನ ಅಂತ. ಓದೋಳು ಅವ್ಳು,” ಎಂದ ಪಿಳ್ಳಪ್ಪ ದೊಡ್ಡ ಗಂಟಲಿನಲ್ಲಿ.

“ಸರಿ. ಮನಸಲ್ಲಿ ನೆನೆಸ್ಕಳಿ. ಬಾಯ್ಬಿಟ್ಟು ಹೇಳ್ಬಾರ್ದು.”

ಐದು ಜನವೂ ಕೈ ಮುಗಿದು ಕಣ್ಣು ಮುಚ್ಚಿದರು. ಪೂಜಾರಿ ಗಂಟೆ ಅಲ್ಲಾಡಿಸುತ್ತಾ, “ಕೊಡವ್ವ ತಾಯಿ, ಕಾಯಿಸ್ಬೇಡ, ಮಗು ನಿಂತದೆ” ಎಂದು ಕರೆಯತೊಡಗಿದ. ಅಮ್ಮ ಕಾಯಿಸಿದಳು. ಎಡಗಡೆಯ ಹೂ ಒಂದು ಸಲ ಜಾರಿದಂತಾಗಿ ನಿಂತಿತು. ಕಣ್ಣು ಕಿರಿದಾಗಿ ಬಿಟ್ಟು ನೋಡುತ್ತಿದ್ದ ಮಮತ ಗಬಕ್ಕನೆ ಕಣ್ಣು ಮುಚ್ಚಿದಳು. ದೇವರಾಜನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಲಕ್ಷ್ಮೀದೇವಮ್ಮ ಕಣ್ಣು ಮುಚ್ಚಿಕೊಂಡೇ ಮಗನಿಗೆ ತಿವಿದಳು. ಅಷ್ಟರಲ್ಲಿ ಬಲಗಡೆಯ ಹೂ ಬಿಟ್ಟುಕೊಂಡು ಅಮ್ಮನ ಮಡಿಲಿಗೆ ಬಿತ್ತು.

“ಕೊಟ್ಳು ನೋಡು ಬಲಕ್ಕೆ,” ಎಂದ ಪೂಜಾರಿ.

ಹೊರಗೆ ಬಂದು ಹೊಂಗೆಯ ನೆರಳಿನಲ್ಲಿ ಕೂತು ಕಾಯಿ ಬಾಳೆಹಣ್ಣು ಹಂಚಿಕೊಂಡರು. ಎಲ್ಲರ ಮುಖದಲ್ಲೂ ನಗು. ಐದೂ ಜನ ಒಂದೇ ಸಲ ನಗುವುದು ಆ ಮನೆಯಲ್ಲಿ ಅಪರೂಪ. ಮಮತಳಿಗೆ ಇಲ್ಲೇನೋ ಎಡವಟ್ಟಾಗಿದೆ ಅನ್ನಿಸಿತು.

“ನಾನು ಹೇಳಿರ್ಲಿಲ್ವಾ?” ಎಂದ ಪಿಳ್ಳಪ್ಪ ಬಾಳೆಹಣ್ಣು ಸುಲಿಯುತ್ತಾ. “ಲೆಕ್ಕ ತಗೋಬೇಕಾ ತಾಯಿ ಅಂದೆ. ತಗೊಳ್ಳಲಿ ಅಂದ್ಳು. ಮುಗೀತು.”

“ಅದೆಂಗಪ್ಪ?” ಎಂದ ದೇವರಾಜ್. “ಹೋಮ್ ಸೈನ್ಸ್ ಓದ್ಲಾ ಅಂತ ನಾನು ಕೇಳ್ದೆ. ನಂಗೂ ಬಲಕ್ಕೇ ಕೊಟ್ಳಲ್ಲ.”

“ನಿನ್ನನ್ಯಾರು ಕೇಳು ಅಂದಿದ್ದು? ಕೇಳೋನು ನಾನು.”

“ನಾನೂ ಕೇಳ್ದೆ,” ಎಂದಳು ಲಕ್ಷ್ಮೀದೇವಮ್ಮ. “ಹೆಣ್ಮಗು ಎರಡೆರಡು ಬಸ್ಸು ಹತ್ತಿ ಹೋಗ್ತದೆ, ನೆಟ್ಟಗೆ ಹೋಗಿ ನೆಟ್ಟಗೆ ಬರ್ತದಾ ತಾಯಿ ಅಂತ.”

ಪಿಳ್ಳಪ್ಪ ಸೊಸೆಯ ಕಡೆ ತಿರುಗಿದ. “ನೀನೂ ಕೇಳ್ದಾ?”

ಮಮತಳಿಗೆ ನಾಚಿಕೆಯಾಯಿತು. “ಹುಳು ಚೆನ್ನಾಗಿ ಗೂಡು ಕಟ್ತವಾ ಅಂತ ಕೇಳ್ಬಿಟ್ಟೆ ಮಾವ. ನಾಡಿದ್ದು ಹಣ್ಣಾಗ್ತವಲ್ಲ, ಬಾಯಿಗೆ ಅದೇ ಬಂತು.”

“ಒಂದು ಹೂವು, ನಾಲ್ಕು ಪ್ರಶ್ನೆ,” ಎಂದು ದೇವರಾಜ್ ತಲೆ ಕೆರೆದುಕೊಂಡ.

ಪಿಳ್ಳಪ್ಪ ಎದ್ದು ಗುಡಿಗೆ ನಡೆದ. ಹಿಂದೆಯೇ ಎಲ್ಲರೂ ಹೋದರು. ಪೂಜಾರಿ ಬಾಗಿಲಿಗೆ ಬೀಗ ಹಾಕುತ್ತಿದ್ದವನು ಎಲ್ಲ ಕೇಳಿಸಿಕೊಂಡು, “ಇದ್ರಲ್ಲಿ ಜಗಳ ಏನೈತೆ ಪಿಳ್ಳಣ್ಣ? ಯಾರ ಹೆಸರಲ್ಲಿ ಕೇಳಿದ್ದೋ ಅವ್ರ ಪ್ರಶ್ನೆಗೆ ಹೂವು. ಮಿಕ್ಕೋರೆಲ್ಲ ಸುಮ್ನೆ ಕೈ ಮುಗಿದಂಗೆ. ಮೊದ್ಲಿಂದ ಇರೋ ಪದ್ಧತಿ, ನಿಂಗೆ ಗೊತ್ತಿಲ್ಲದ್ದಾ?” ಎಂದ.

“ಮಗೂ ಹೆಸ್ರು ಹೇಳಿದ್ದು ನೀನೇ,” ಎಂದಳು ಲಕ್ಷ್ಮೀದೇವಮ್ಮ ಗಂಡನಿಗೆ. “ಊರಿಗೆಲ್ಲ ಕೇಳೋ ಹಂಗೆ.”

ಎಲ್ಲರೂ ಸಿಂಚನಳ ಕಡೆ ತಿರುಗಿದರು. ಅವಳು ಕಾಯಿ ಚೂರನ್ನು ಅಗಿಯುವುದನ್ನು ನಿಲ್ಲಿಸಿದಳು.

“ಹೋಮ್ ಸೈನ್ಸ್ ತಗೊಳ್ಳಲಾ ಅಂತ ತಾನೆ ನೀನು ಕೇಳಿದ್ದು?” ಎಂದ ಪಿಳ್ಳಪ್ಪ.

“ಇಲ್ಲ ತಾತ.”

ಪಿಳ್ಳಪ್ಪನ ಮುಖಕ್ಕೆ ಸ್ವಲ್ಪ ಜೀವ ಬಂತು. “ಡಾಕ್ಟರ್ ಆಗ್ತೀನಾ ಅಂತ ಕೇಳ್ದಾ?”

“ಅದೂ ಅಲ್ಲ.”

“ಮತ್ತಿನ್ನೇನು ಕೇಳ್ದೆ ಮಗ?”

“ನಮ್ಮ ತಾತ ಒಪ್ಕೊಳ್ತಾನಾ ಅಂತ ಕೇಳ್ದೆ.”

ಪೂಜಾರಿ ಬೀಗದ ಕಡೆ ಬಗ್ಗಿ, ಹಾಕಿದ ಬೀಗವನ್ನೇ ಮತ್ತೊಮ್ಮೆ ಎಳೆದು ನೋಡತೊಡಗಿದ. ಅವನ ಬೆನ್ನು ಅಲ್ಲಾಡುತ್ತಿತ್ತು. ದೇವರಾಜ್ ಫೋನು ತೆಗೆದು ಯಾರಿಗೋ ಮಾತಾಡುವವನಂತೆ ದೂರ ಹೋದ. ಪಿಳ್ಳಪ್ಪ ಮಾತ್ರ ನಿಂತಲ್ಲೇ ನಿಂತಿದ್ದ. ಅಮ್ಮ ಬಲಗಡೆ ಕೊಟ್ಟಾಗಿದೆ. ತಾತ ಒಪ್ಪುತ್ತಾನೆ ಎಂದು ಆ ತಾಯಿಯೇ ಹೇಳಿಯಾಗಿದೆ. ಇನ್ನು ತಾನು ಒಪ್ಪಲಿಲ್ಲವೆಂದರೆ ಸುಳ್ಳಾಗುವುದು ಮೊಮ್ಮಗಳ ಮಾತಲ್ಲ.

ಅವನು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದ. ಮಧ್ಯಾಹ್ನ ಎರಡು ಮುದ್ದೆ ಉಂಡ. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು, ಮೊದಲ ಬಾರಿಗೆ ಮೊಮ್ಮಗಳನ್ನು ನೆಟ್ಟಗೆ ನೋಡಿದ.

“ಒಂದು ಮಾತು ಹೇಳು. ಲೆಕ್ಕಕ್ಕೆ ಹೆದರ್ಕೊಂಡು ಓಡ್ತಿಲ್ಲ ತಾನೆ?”

“ಫಿಸಿಕ್ಸಲ್ಲಿ ಲೆಕ್ಕ ಐತೆ ತಾತ. ಕೆಮಿಸ್ಟ್ರೀಲೂ ಐತೆ. ಬೇಕಾದಷ್ಟು ಲೆಕ್ಕ ಮಾಡ್ತೀನಿ, ಬೇಡದ್ದು ಮಾಡಲ್ಲ. ಹಸುಗೆ ಜೋಳದ ಕಡ್ಡಿ ಒಳ್ಳೇದು ಅಂತ ಹುಳುಗೂ ಹಾಕ್ತೀಯಾ ನೀನು?”

ಪಿಳ್ಳಪ್ಪ ಎದ್ದು ಕೈ ತೊಳೆದು ಬಂದ. ಆಮೇಲೆ, “ದೊಡ್ಡಬಳ್ಳಾಪುರದ ಬಸ್ಸು ಎಷ್ಟೊತ್ತಿಗೆ?” ಎಂದ.

“ಯಾಕೆ?” ಎಂದಳು ಲಕ್ಷ್ಮೀದೇವಮ್ಮ.

“ಯಾಕೆ ಅಂದ್ರೆ? ಆ ಬಸ್ಸಿಗೆ ಸೊಪ್ಪು ಹಾಕಕ್ಕೆ,” ಎಂದು ಗದರಿ, ಇಸ್ತ್ರಿ ಪಂಚೆ ಎಲ್ಲಿದೆ ಎಂದು ಸೊಸೆಯನ್ನು ಕೇಳಿದ.

*

ಗುರುವಾರ ಕಾಲೇಜಿನಲ್ಲಿ ಭಾನುಪ್ರಿಯಾ ಮೇಡಂ ಪಿಳ್ಳಪ್ಪನಿಗೆ ಕುರ್ಚಿ ಹಾಕಿಸಿದರು. “ನೀವೇನಾ ಯಜಮಾನರು? ಮ್ಯಾಥ್ಸ್ ಬಿಡೋದಕ್ಕೆ ಮನೇಲಿ ಎಲ್ಲರ ಒಪ್ಪಿಗೆ ಇದೆಯಾ?”

ಪಿಳ್ಳಪ್ಪ ಟವಲು ಸರಿಮಾಡಿಕೊಂಡ. “ನೋಡಿ ಮೇಡಂ, ಡಾಕ್ಟರ್ ಆಗೋರು ಮೊದ್ಲು ಜನ ಏನು ತಿಂತಾರೆ ಅಂತ ತಿಳ್ಕೋಬೇಕು. ಬಾಣಂತಿ ನೀರು ಕುಡೀಬೇಕೋ ಬೇಡ್ವೋ ಅಂತ ತಿಳ್ಕೋಬೇಕು. ಅದು ಬಿಟ್ಟು ಸುಮ್ನೆ ಸೂಜಿ ಚುಚ್ಚಿದ್ರೆ ಆಗುತ್ತಾ? ನಾವು ಮನೇಲಿ ಕೂತು ಎಲ್ಲಾ ಯೋಚ್ನೆ ಮಾಡೇ ತೀರ್ಮಾನ ಮಾಡಿದ್ದು.”

“ತುಂಬಾ ಸಂತೋಷ,” ಎಂದರು ಮೇಡಂ. ಮಮತ ತಲೆ ಎತ್ತಿ ಫ್ಯಾನು ನೋಡುತ್ತಾ ಕೂತಳು, ನಗು ಬಾರದಿರಲೆಂದು. ಜಗಲಿಯ ಮೇಲಿನ ಮಾತು ಹಸುವಿನ ಕೊಟ್ಟಿಗೆಗೂ ಕೇಳುತ್ತದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ಸಂಜೆ ಬರುವಷ್ಟರಲ್ಲಿ ಹುಳು ಹಣ್ಣಾಗತೊಡಗಿತ್ತು. ಮೈ ತಿಳಿಯಾಗಿ, ಮೇವು ಬಿಟ್ಟು, ಗೂಡು ಕಟ್ಟಲು ಜಾಗ ಹುಡುಕಿ ತಲೆ ಆಡಿಸುತ್ತಿದ್ದವು. ಬಟ್ಟೆ ಬದಲಾಯಿಸಿ ಎಲ್ಲರೂ ಹುಳುವಿನ ಮನೆ ಹೊಕ್ಕರು. ಹಣ್ಣಾದ ಹುಳು ಆಯ್ದು ಆಯ್ದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಡುವ ಕೆಲಸ. ತಡ ಮಾಡಿದರೆ ಕಂಡಲ್ಲಿ ನೂಲು ಬಿಡುತ್ತವೆ.

ಮಮತ ಮಗಳ ಪಕ್ಕ ಸರಿದು ದನಿ ತಗ್ಗಿಸಿದಳು. “ನಿಜ ಹೇಳು. ಗುಡೀಲಿ ಅದನ್ನೇ ಕೇಳಿದ್ಯಾ, ಇಲ್ಲಾ ಆಮೇಲೆ ಹೊಳೀತಾ?”

“ಅಮ್ಮನಾಣೆ ಅದನ್ನೇ ಕೇಳಿದ್ದು,” ಎಂದಳು ಸಿಂಚನ, ಅಂಗೈ ತುಂಬ ಹುಳು ಹಿಡಿದು. “ಓದೋದು ನನ್ ಕೈಲೈತೆ. ಅದಕ್ಕೆ ದೇವರನ್ನ ಯಾಕೆ ಕೇಳ್ಲಿ? ತಾತ ಒಪ್ಪೋದು ಒಂದೇ ನನ್ ಕೈಲಿ ಇರ್ಲಿಲ್ಲ.”

“ಎಡಕ್ಕೆ ಬಿದ್ದಿದ್ರೆ?”

“ಮುಂದಿನ ಮಂಗಳವಾರ ಅಂತಿದ್ದೆ.”

“ಮುಂದಿನ ಮಂಗಳವಾರಕ್ಕೆ ಕೊನೇ ದಿನ ಮುಗಿದೋಗಿರ್ತಿತ್ತಲ್ಲೇ.”

ಹುಡುಗಿಯ ಕೈ ಅರೆಗಳಿಗೆ ನಿಂತಿತು. “ಗೊತ್ತಿತ್ತು. ಅದಕ್ಕೇ ನಾನೂ ಓರೆಗಣ್ಣಲ್ಲಿ ನೋಡ್ತಿದ್ದೆ, ಆ ಎಡಗಡೆ ಹೂ ಜಾರ್ದಾಗ ನಂಗೆ ಉಸ್ರು ನಿಂತೋಗಿತ್ತು.”

ಮಮತ ಮಗಳ ಕೂದಲಿಗೆ ಹತ್ತಿದ್ದ ಒಂದು ಹುಳುವನ್ನು ತೆಗೆದು ಚಂದ್ರಿಕೆಗೆ ಬಿಟ್ಟಳು.

ಚಂದ್ರಿಕೆಯ ಆಚೆ ಬದಿಯಿಂದ ಪಿಳ್ಳಪ್ಪನ ದನಿ ಬಂತು. “ಅಲ್ಲೇನು ಗುಸುಗುಸು? ಎಲ್ಲಾ ಕೇಳಿಸ್ತೈತೆ ನಂಗೆ. ಹೇಳ್ಬಿಡ್ತೀನಿ, ಎರಡು ವರ್ಷ ಆದ್ಮೇಲೆ ಸೀಟು ಸಿಗ್ತದಾ ಅಂತ ಹೂ ಕೇಳೋವಾಗ ನನ್ನ ಹೆಸ್ರಲ್ಲೇ ಕೇಳೋದು. ಇನ್ನು ನಿಮ್ಮನ್ನ ನಂಬಲ್ಲ.”

“ಕೇಳ್ಕೋ ತಾತ,” ಎಂದಳು ಸಿಂಚನ ಹುಳು ಬಿಡುತ್ತಾ. “ಅವತ್ತು ನಾನು ಬರಕ್ಕಾಗಲ್ಲ. ಓದ್ತಿರ್ತೀನಿ.”